ಐಸಿಎಮೈಜರ್: ಬಬಲ್ ಹೊತ್ತಿನ ಲೆಕ್ಕಿಗ

ಆನ್‌ಲೈನ್ ಪೋಕರ್ ಟೂರ್ನಮೆಂಟ್ ಕೊನೆಯ ಘಟ್ಟಕ್ಕೆ ಬಂದು, ಬ್ಲೈಂಡ್‌ಗಳು (ಎಲೆ ಹಂಚುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ, ಚಿಕ್ಕದು ಸ್ಮಾಲ್, ದೊಡ್ಡದು ಬಿಗ್) ಏರಿ, ಬಹುತೇಕ ಎಲ್ಲರ ಬಳಿಯೂ ಹತ್ತು ಹದಿನೈದು ಬಿಗ್ ಬ್ಲೈಂಡ್‌ನಷ್ಟು ಚಿಪ್ ಮಾತ್ರ ಉಳಿದಾಗ ಆಟಗಾರನಿಗೆ ಹೆಚ್ಚು ದಾರಿಗಳಿರುವುದಿಲ್ಲ. ಇರುವುದೆಲ್ಲವನ್ನೂ ಒಮ್ಮೆಗೇ ಮುಂದೆ ತಳ್ಳಬೇಕು (ಇದೇ ಆಲ್-ಇನ್), ಇಲ್ಲವೇ ಎಲೆ ಬಿಟ್ಟು ಸುಮ್ಮನಿರಬೇಕು. ದಾರಿ ಎರಡೇ ಆದರೂ ಆಯ್ಕೆ ಸುಲಭವಲ್ಲ, ಏಕೆಂದರೆ ಈ ಹಂತದಲ್ಲಿ ಚಿಪ್ಪಿನ ಬೆಲೆ ಮತ್ತು ಬಹುಮಾನದ ಬೆಲೆ ಎರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ಯಾವ ಎಲೆಗೆ ತಳ್ಳಬೇಕು, ಯಾವುದಕ್ಕೆ ಕಾಲ್ ಮಾಡಬೇಕು (ಎದುರಿನವನ ಪಣಕ್ಕೆ ಸಮನಾಗಿ ಕಟ್ಟಬೇಕು), ಯಾವುದನ್ನು ಬಿಡಬೇಕು ಎಂದು ತೋರಿಸುವ ತಂತ್ರಾಂಶಗಳಲ್ಲಿ ಐಸಿಎಮೈಜರ್ ಹೆಸರುವಾಸಿಯಾದದ್ದು. ಟೂರ್ನಮೆಂಟ್ ಆಟವನ್ನು ಅಭ್ಯಾಸದ ವಿಷಯವಾಗಿ ನೋಡುವ ಓದುಗರಿಗೆ ಇದು ಎಷ್ಟು ಉಪಯುಕ್ತ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಹೇಳುವುದು ಈ ವಿಮರ್ಶೆಯ ಉದ್ದೇಶ.

ತಂತ್ರಾಂಶದ ಹೆಸರಿನಲ್ಲಿರುವ ಐಸಿಎಂ ಎಂದರೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್. ಇದರ ಮೂಲ ಗಣಿತ ಪೋಕರ್‌ನದ್ದಲ್ಲ, ಕುದುರೆ ಜೂಜಿನದ್ದು. ಗೆಲ್ಲುವ ಸಾಧ್ಯತೆಗಳು ಗೊತ್ತಿದ್ದಾಗ ಎರಡನೆಯ, ಮೂರನೆಯ ಸ್ಥಾನಗಳ ಸಾಧ್ಯತೆಯನ್ನು ಕಂಡುಹಿಡಿಯುವ ಸೂತ್ರವನ್ನು 1973ರಲ್ಲಿ ಡೇವಿಡ್ ಹಾರ್ವಿಲ್ ಕೊಟ್ಟರು, 1987ರಲ್ಲಿ ಮೇಸನ್ ಮಾಲ್ಮುತ್ ಅದೇ ವಿಚಾರವನ್ನು ಪೋಕರ್ ಟೂರ್ನಮೆಂಟಿಗೆ ಅನ್ವಯಿಸಿದರು. ಒಬ್ಬ ಆಟಗಾರ ಮೊದಲ ಸ್ಥಾನಕ್ಕೆ ಬರುವ ಸಾಧ್ಯತೆಯು ಮೇಜಿನ ಒಟ್ಟು ಚಿಪ್ಪಿನಲ್ಲಿ ಅವನ ಪಾಲು ಎಷ್ಟಿದೆಯೋ ಅಷ್ಟು. ಅವನನ್ನು ಬಿಟ್ಟು ಬೇರೊಬ್ಬ ಮೊದಲಾದರೆ, ಉಳಿದವರ ಚಿಪ್ಪಿನಲ್ಲಿ ಅವನ ಪಾಲೇ ಎರಡನೆಯ ಸ್ಥಾನದ ಸಾಧ್ಯತೆ. ಹೀಗೆ ಒಂದೊಂದೇ ಸ್ಥಾನಕ್ಕೆ ಇಳಿಯುತ್ತ ಹೋಗಿ, ಪ್ರತಿ ಸ್ಥಾನದ ಬಹುಮಾನದಿಂದ ಗುಣಿಸಿ ಕೂಡಿದರೆ ಅವನ ಚಿಪ್ ರಾಶಿಯ ಈ ಕ್ಷಣದ ಬೆಲೆ ಸಿಗುತ್ತದೆ.

ಯಾವುದೇ ಲೆಕ್ಕದ ಯಂತ್ರವನ್ನು ನಂಬುವ ಮೊದಲು ಒಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ನಾಲ್ವರು ಉಳಿದಿದ್ದಾರೆ, ಮೂವರಿಗೆ ಮಾತ್ರ ಬಹುಮಾನ (ಇನ್ನೊಬ್ಬ ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಖಚಿತವಾಗುವ ಈ ಹಂತವೇ ಬಬಲ್), ಒಟ್ಟು ಬಹುಮಾನ 10,000, ಅದರ ಹಂಚಿಕೆ 5,000, 3,000, 2,000 ಎಂದಿಟ್ಟುಕೊಳ್ಳೋಣ. ಎಲ್ಲರ ಬಳಿಯೂ 2,500 ಚಿಪ್. ಆಗ ಪ್ರತಿಯೊಬ್ಬನ ರಾಶಿಯ ಬೆಲೆಯೂ 2,500. ಇಬ್ಬರು ಆಲ್-ಇನ್ ಆಗಿ ಒಬ್ಬ ಹೊರಬಿದ್ದರೆ, ಗೆದ್ದವನ ಚಿಪ್ ಎರಡು ಪಟ್ಟಾಗಿ 5,000 ಆಗುತ್ತದೆ, ಆದರೆ ಬಹುಮಾನದ ಲೆಕ್ಕದಲ್ಲಿ ಅದರ ಬೆಲೆ 5,000 ಅಲ್ಲ, 3,833. ಉಳಿದದ್ದು ಎಲ್ಲಿ ಹೋಯಿತು ಎಂದರೆ, ಕೈಕಟ್ಟಿ ಕೂತಿದ್ದ ಇಬ್ಬರಿಗೆ ಹೋಯಿತು: ಒಂದು ಚಿಪ್ಪನ್ನೂ ಮುಂದಿಡದೆ ಅವರಿಬ್ಬರ ಬೆಲೆಯೂ 2,500ರಿಂದ 3,083ಕ್ಕೆ ಏರಿರುತ್ತದೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುವುದು ಇಲ್ಲಿ ಅಕ್ಷರಶಃ ನಿಜ, ಮತ್ತು ಟೂರ್ನಮೆಂಟ್ ತಂತ್ರದ ಅರ್ಧ ಭಾಗ ಈ ಒಂದು ಅಂಕಿಯಲ್ಲೇ ಅಡಗಿದೆ.

ಇದೇ ಮೇಜಿನಲ್ಲಿ ಬ್ಲೈಂಡ್ 100 ಮತ್ತು 200 ಇದ್ದು, ಮೊದಲ ಇಬ್ಬರು ಎಲೆ ಬಿಟ್ಟು, ಸ್ಮಾಲ್ ಬ್ಲೈಂಡಿನವನು ಆಲ್-ಇನ್ ಮಾಡಿದ್ದಾನೆ ಎನ್ನೋಣ. ಬಿಗ್ ಬ್ಲೈಂಡಿನವನು ಕಾಲ್ ಮಾಡಬೇಕೆ? ಬರೀ ಚಿಪ್ಪಿನ ಲೆಕ್ಕ ಹಿಡಿದರೆ, ಇನ್ನೂ 2,300 ಹಾಕಿ 5,000ದ ಪಾಟ್ (ಮೇಜಿನ ಮಧ್ಯೆ ಸೇರಿದ ಒಟ್ಟು ಪಣ) ಗೆಲ್ಲುವ ಅವಕಾಶವಿರುವುದರಿಂದ ಶೇ 46ರಷ್ಟು ಗೆಲುವಿನ ಸಾಧ್ಯತೆ ಇದ್ದರೆ ಸಾಕು. ಐಸಿಎಂ ಲೆಕ್ಕ ಹಿಡಿದರೆ ಚಿತ್ರವೇ ಬೇರೆ. ಎಲೆ ಬಿಟ್ಟರೂ ಅವನ ರಾಶಿಗೆ 2,368ರ ಬೆಲೆ ಉಳಿಯುತ್ತದೆ, ಗೆದ್ದರೆ ಸಿಗುವುದು 3,833, ಸೋತರೆ ಸೊನ್ನೆ. ಆದ್ದರಿಂದ ಕಾಲ್ ಮಾಡಲು ಸುಮಾರು ಶೇ 62ರಷ್ಟು ಸಾಧ್ಯತೆ ಬೇಕಾಗುತ್ತದೆ. ಎದುರಿನವನು ತನ್ನ ಎಲೆಯನ್ನು ನೋಡದೆಯೇ ತಳ್ಳಿದ್ದಾನೆ ಎಂದು ಖಚಿತವಾಗಿ ಗೊತ್ತಿದ್ದರೂ, ಬೇರೆ ಬೇರೆ ಸೂಟಿನ (ಇಸ್ಪೀಟಿನ ನಾಲ್ಕು ಗುರುತುಗಳಲ್ಲಿ ಬೇರೆ ಬೇರೆ ಗುರುತಿನ) ರಾಜ-ರಾಣಿಗೆ ಸಿಗುವುದು ಶೇ 61ರ ಆಸುಪಾಸು, ಐದರ ಜೋಡಿಗೆ ಶೇ 60. ಎರಡನ್ನೂ ಬಿಡಬೇಕು. ಆರರ ಜೋಡಿಯಿಂದ ಮೇಲಕ್ಕೆ ಕಾಲ್ ಶುರುವಾಗುತ್ತದೆ. ರಾಜ-ರಾಣಿ ಕೈಗೆ ಬಂದಾಗ ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ, ಆದರೆ ಲೆಕ್ಕ ಮನಸ್ಸನ್ನು ಕೇಳುವುದಿಲ್ಲ.

ಐಸಿಎಮೈಜರ್ ಮಾಡುವುದು ಈ ಲೆಕ್ಕವನ್ನೇ, ಆದರೆ 169 ಬಗೆಯ ಆರಂಭಿಕ ಕೈಗಳಿಗೂ (ಆಟಗಾರನಿಗೆ ಮೊದಲು ಸಿಗುವ ಎರಡು ಎಲೆಗಳಿಗೆ ಕೈ ಎನ್ನುತ್ತಾರೆ) ಒಮ್ಮೆಗೇ, ಮೇಜಿನಲ್ಲಿರುವ ಎಲ್ಲ ಆಟಗಾರರ ಪರವಾಗಿ. ಚಿಪ್, ಬ್ಲೈಂಡ್, ಆಂಟೆ (ಬ್ಲೈಂಡಿನ ಜೊತೆಗೆ ಪ್ರತಿ ಕೈಗೂ ಕಟ್ಟುವ ಚಿಕ್ಕ ಪಣ), ಬಹುಮಾನದ ಹಂಚಿಕೆ ಇಷ್ಟನ್ನು ತುಂಬಿದರೆ, ಅಥವಾ ಆಡಿದ ಕೈಯ ದಾಖಲೆಯನ್ನು ತಾಣದಿಂದ ತಂದು ಅಂಟಿಸಿದರೆ, ಹದಿಮೂರು ಸಾಲು, ಹದಿಮೂರು ಕಂಬದ ಚೌಕವೊಂದು ತೆರೆದುಕೊಳ್ಳುತ್ತದೆ. ಮೂಲೆಯಿಂದ ಮೂಲೆಗೆ ಇಳಿಯುವ ಓರೆ ಸಾಲಿನಲ್ಲಿ ಎಕ್ಕದ ಜೋಡಿಯಿಂದ ಎರಡರ ಜೋಡಿಯವರೆಗೆ ಹದಿಮೂರು ಜೋಡಿಗಳು, ಅದರ ಮೇಲ್ಭಾಗದಲ್ಲಿ ಒಂದೇ ಸೂಟಿನ ಕೈಗಳು, ಕೆಳಭಾಗದಲ್ಲಿ ಬೇರೆ ಸೂಟಿನವು. ಲಾಭ ತರುವ ಮನೆಗಳು ಒಂದು ಬಣ್ಣದಲ್ಲಿ, ನಷ್ಟ ತರುವವು ಇನ್ನೊಂದರಲ್ಲಿ ಕಾಣುತ್ತವೆ. ಯಾವುದೇ ಮನೆಯನ್ನು ಗಮನಿಸಿದರೆ, ಆ ಕೈಯನ್ನು ಬಿಡುವುದಕ್ಕೂ ಆಡುವುದಕ್ಕೂ ಇರುವ ವ್ಯತ್ಯಾಸ ಒಟ್ಟು ಬಹುಮಾನದ ಶೇಕಡಾವಾರಿನಲ್ಲಿ ತಿಳಿಯುತ್ತದೆ. ಬಣ್ಣಕ್ಕಿಂತ ಈ ಅಂಕಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಂಚಿನಲ್ಲಿರುವ ಕೈಯನ್ನು ತಪ್ಪಾಗಿ ಆಡಿದರೆ ಆಗುವ ನಷ್ಟ ಅತ್ಯಲ್ಪ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದೇ ತಪ್ಪಿನಲ್ಲಿ ಬಹುಮಾನದ ಶೇ 2 ಕೈಬಿಡುವ ಸಂದರ್ಭಗಳೇ ಬೇರೆ, ಅಭ್ಯಾಸದ ಸಮಯವೆಲ್ಲ ಅವುಗಳಿಗೆ ಸಲ್ಲಬೇಕು.

ನನ್ನ ಮಟ್ಟಿಗೆ ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಅದು ತಾನಾಗಿ ಕೊಡುವ ಉತ್ತರದಲ್ಲಲ್ಲ, ಆ ಉತ್ತರದ ಹಿಂದಿನ ಊಹೆಯನ್ನು ಬದಲಿಸಲು ಬಿಡುವುದರಲ್ಲಿ. ತಾನಾಗಿ ಅದು ಕೊಡುವುದು ನ್ಯಾಶ್ ಸಮತೋಲನದ ಉತ್ತರ, ಅಂದರೆ ಮೇಜಿನ ಎಲ್ಲರೂ ತಪ್ಪಿಲ್ಲದೆ ಆಡುತ್ತಾರೆ, ಯಾರೊಬ್ಬನೂ ತಾನೊಬ್ಬನೇ ದಾರಿ ಬದಲಿಸಿ ಲಾಭ ಪಡೆಯಲಾರ ಎಂಬ ಸ್ಥಿತಿ. (ಜಾನ್ ನ್ಯಾಶ್ ತಮ್ಮ 1951ರ ಪ್ರಬಂಧದಲ್ಲಿ ಉದಾಹರಣೆಗೆಂದು ಬಿಡಿಸಿದ್ದು ಮೂವರು ಆಡುವ ಸರಳ ಪೋಕರ್ ಆಟವನ್ನೇ ಎಂಬುದು ಪೋಕರ್ ಆಡುವವರಿಗೆ ಹೆಮ್ಮೆಯ ಸಂಗತಿ.) ಆದರೆ ನಮ್ಮ ಮೇಜಿನಲ್ಲಿ ಕೂತವರು ಹಾಗೆ ಆಡುವುದಿಲ್ಲ.

ಮೇಲಿನ ಉದಾಹರಣೆಯನ್ನೇ ಈಗ ಸ್ಮಾಲ್ ಬ್ಲೈಂಡಿನವನ ಕಡೆಯಿಂದ ನೋಡೋಣ. ಅವನು ಎಲೆ ಬಿಟ್ಟರೆ ಅವನ ಬೆಲೆ 2,435. ತಳ್ಳಿ, ಬಿಗ್ ಬ್ಲೈಂಡಿನವನು ಬಿಟ್ಟರೆ 2,626. ಬಿಗ್ ಬ್ಲೈಂಡಿನವನು ಲೆಕ್ಕ ಬಲ್ಲವನಾಗಿ ಹತ್ತರಲ್ಲಿ ಒಂದು ಸಲ ಮಾತ್ರ ಕಾಲ್ ಮಾಡುವವನಾದರೆ, ಸ್ಮಾಲ್ ಬ್ಲೈಂಡಿನವನಿಗೆ ಕಾಲ್ ಬಿದ್ದಾಗ ಶೇ 19ರಷ್ಟು ಗೆಲುವಿನ ಸಾಧ್ಯತೆ ಇದ್ದರೂ ತಳ್ಳುವುದು ಲಾಭಕರ. ಏಳು-ಎರಡು ಎಂಬ ಅತ್ಯಂತ ಕಳಪೆ ಕೈಗೂ ಅಷ್ಟು ಸಾಧ್ಯತೆ ಇರುತ್ತದೆ, ಆದ್ದರಿಂದ ಎಲೆ ನೋಡದೆ ತಳ್ಳಿದರೂ ಸರಿಯೇ. ಈಗ ಒಂದೇ ಒಂದು ಊಹೆ ಬದಲಿಸಿ: ಬಿಗ್ ಬ್ಲೈಂಡಿನವನು ಸಣ್ಣ ಶುಲ್ಕದ ಟೂರ್ನಮೆಂಟುಗಳಲ್ಲಿ ಧಾರಾಳವಾಗಿ ಸಿಗುವಂಥವನು, ಎಕ್ಕ ಕಂಡರೆ ಬಿಡುವುದಿಲ್ಲ, ರಾಜ ಕಂಡರೂ ಸುಲಭಕ್ಕೆ ಬಿಡುವುದಿಲ್ಲ, ನಾಲ್ಕರಲ್ಲಿ ಒಂದು ಸಲ ಕಾಲ್ ಮಾಡುತ್ತಾನೆ. ತಕ್ಷಣ ಸ್ಮಾಲ್ ಬ್ಲೈಂಡಿನವನಿಗೆ ಬೇಕಾದ ಸಾಧ್ಯತೆ ಶೇ 19ರಿಂದ ಸುಮಾರು ಶೇ 49ಕ್ಕೆ ಜಿಗಿಯುತ್ತದೆ, ಮತ್ತು ತಳ್ಳಬಹುದಾದ ಕೈಗಳ ಪಟ್ಟಿ ಹೆಚ್ಚುಕಮ್ಮಿ ಎಲ್ಲವೂ ಎಂಬಲ್ಲಿಂದ ಒಳ್ಳೆಯ ಎಲೆಗಳಷ್ಟೇ ಎಂಬಲ್ಲಿಗೆ ಕುಗ್ಗುತ್ತದೆ. ಗಮನಿಸಬೇಕಾದದ್ದು ಇದು: ಹಾಗೆ ಕಾಲ್ ಮಾಡುವವನು ತಪ್ಪು ಮಾಡುತ್ತಿದ್ದಾನೆ, ತನಗೂ ನಷ್ಟ ಮಾಡಿಕೊಳ್ಳುತ್ತಿದ್ದಾನೆ, ಆದರೂ ಆ ತಪ್ಪಿನ ಲಾಭ ತಳ್ಳಿದವನಿಗೆ ಸಿಗದೆ ಸುಮ್ಮನೆ ನೋಡುತ್ತಿರುವ ಇಬ್ಬರಿಗೆ ಹಂಚಿಹೋಗುತ್ತದೆ. ಎದುರಾಳಿಯ ತಪ್ಪು ನನಗೆ ಲಾಭ ಎಂಬ ಸಾಮಾನ್ಯ ನಂಬಿಕೆ ಚಿಪ್ಪಿಗೆ ನೇರವಾಗಿ ಹಣದ ಬೆಲೆ ಇರುವ ಕ್ಯಾಶ್ ಗೇಮ್‌ನಲ್ಲಿ ಬಹುಮಟ್ಟಿಗೆ ಸರಿ, ಟೂರ್ನಮೆಂಟಿನ ಬಬಲ್‌ನಲ್ಲಿ ಸರಿಯಲ್ಲ.

ಐಸಿಎಮೈಜರ್‌ನಲ್ಲಿ ಎದುರಾಳಿಯ ರೇಂಜನ್ನು, ಅಂದರೆ ಅವನು ಆಡಬಹುದಾದ ಕೈಗಳ ಪಟ್ಟಿಯನ್ನು, ಕೈಯಾರೆ ತಿದ್ದಿ, ಅದಕ್ಕೆ ತಕ್ಕಂತೆ ನಮ್ಮ ಉತ್ತರ ಹೇಗೆ ಬದಲಾಗುತ್ತದೆ ಎಂದು ನೋಡಬಹುದು. ಹೊಸಬರು ಈ ಸೌಲಭ್ಯವನ್ನು ಮುಟ್ಟದೆ, ನ್ಯಾಶ್ ಪಟ್ಟಿಯನ್ನೇ ಬಾಯಿಪಾಠ ಮಾಡಿ, ಆಮೇಲೆ ಏಳು-ಎರಡಕ್ಕೆ ತಳ್ಳಿ ರಾಜ-ಎಂಟರ ಕಾಲ್‌ಗೆ ಸೋತು, ಎದುರಾಳಿಯನ್ನು ಬೈಯುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು, ಯಾರ ಬಗ್ಗೆ ಲೆಕ್ಕ ಹಾಕಿದ್ದು ಎಂಬುದು ತಪ್ಪಾಗಿತ್ತು. ಒಂದು ಸನ್ನಿವೇಶವನ್ನು ತೆಗೆದುಕೊಂಡು, ಎದುರಾಳಿಯ ಕಾಲ್ ರೇಂಜನ್ನು ಶೇ 10, 15, 20, 25 ಎಂದು ಏರಿಸುತ್ತ ಹೋಗಿ, ಎಲ್ಲಿ ನಮ್ಮ ಪಟ್ಟಿ ಮುರಿದು ಬೀಳುತ್ತದೆ ಎಂದು ನೋಡುವುದು ಈ ತಂತ್ರಾಂಶವನ್ನು ಬಳಸುವ ಉತ್ತಮ ವಿಧಾನ ಎಂದು ನನ್ನ ಅಭಿಪ್ರಾಯ. ಆಟದ ಮೇಜಿನಲ್ಲಿ ನಿರ್ಧಾರಕ್ಕೆ ಸಿಗುವುದು ಕೆಲವೇ ಸೆಕೆಂಡು, ಆ ಹೊತ್ತಿನಲ್ಲಿ ನೆನಪಿಗೆ ಬರಬೇಕಾದದ್ದು 169 ಮನೆಗಳ ಬಣ್ಣವಲ್ಲ, ಎಷ್ಟು ಸಡಿಲವಾಗಿ ಕಾಲ್ ಮಾಡುವವನ ಮುಂದೆ ಎಷ್ಟು ಬಿಗಿ ಹಿಡಿಯಬೇಕು ಎಂಬ ಅಂದಾಜು.

ಚಿಪ್‌ಗಳು ಸಮನಾಗಿಲ್ಲದ ಮೇಜಿನಲ್ಲಿ ಉತ್ತರಗಳು ಇನ್ನೂ ವಿಚಿತ್ರವಾಗುತ್ತವೆ. ಮೇಲಿನ ಬಹುಮಾನದ ಹಂಚಿಕೆಯನ್ನೇ ಇಟ್ಟುಕೊಂಡು, ನಾಲ್ವರ ಬಳಿ ಕ್ರಮವಾಗಿ 5,000, 2,500, 2,200, 300 ಚಿಪ್ ಇವೆ ಎನ್ನೋಣ. ದೊಡ್ಡ ರಾಶಿಯವನು ಆಲ್-ಇನ್ ಮಾಡಿದ್ದಾನೆ, 2,500 ಇರುವವನು ಯೋಚಿಸುತ್ತಿದ್ದಾನೆ. ಬ್ಲೈಂಡಿನ ಹಣವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಅವನ ಈಗಿನ ಬೆಲೆ 2,938, ಗೆದ್ದರೆ 3,786. ಕಾಲ್‌ಗೆ ಬೇಕಾದ ಸಾಧ್ಯತೆ ಶೇ 77ಕ್ಕಿಂತ ಹೆಚ್ಚು. ಎದುರಿನವನು ಕಣ್ಣು ಮುಚ್ಚಿ ತಳ್ಳಿದ್ದರೂ ಹತ್ತರ ಜೋಡಿಗೆ ಸಿಗುವುದು ಶೇ 75, ಅಂದರೆ ಹತ್ತರ ಜೋಡಿಯನ್ನೂ ಬಿಡಬೇಕು, ಗುಲಾಮನ ಜೋಡಿ ಸರಿಯಾಗಿ ಅಂಚಿನ ಮೇಲೆ ನಿಲ್ಲುತ್ತದೆ. ಕಾರಣ, 300 ಚಿಪ್ ಹಿಡಿದು ಕೂತಿರುವ ನಾಲ್ಕನೆಯವನು. ಅವನು ಇನ್ನೊಂದೆರಡು ಕೈಗಳಲ್ಲಿ ಹೋಗುವ ಸಂಭವ ಹೆಚ್ಚಿರುವಾಗ ಅವನಿಗಿಂತ ಮೊದಲು ಹೊರಬೀಳುವುದು ದುಬಾರಿ ತಪ್ಪು. ದೊಡ್ಡ ರಾಶಿಯವನಿಗೆ ಇದು ಚೆನ್ನಾಗಿ ಗೊತ್ತಿದ್ದರೆ ಪ್ರತಿ ಕೈಗೂ ತಳ್ಳಿ ಮಧ್ಯದ ಇಬ್ಬರನ್ನೂ ಹಿಂಡುತ್ತಾನೆ. ಆನ್‌ಲೈನ್ ಟೂರ್ನಮೆಂಟಿನ ಫೈನಲ್ ಟೇಬಲ್‌ಗಳಲ್ಲಿ ಒಬ್ಬನೇ ಸತತವಾಗಿ ಆಲ್-ಇನ್ ಮಾಡುತ್ತಿರುವುದನ್ನು ನೋಡಿ ಅವನಿಗೆ ತಲೆಕೆಟ್ಟಿದೆ ಎಂದುಕೊಳ್ಳುವವರು ಈ ಅಂಕಿಗಳನ್ನು ಒಮ್ಮೆ ತುಂಬಿ ನೋಡಬೇಕು.

ಸ್ಯಾಟಲೈಟ್ ಟೂರ್ನಮೆಂಟುಗಳಲ್ಲಿ, ಅಂದರೆ ಗೆದ್ದವರೆಲ್ಲರಿಗೂ ದೊಡ್ಡ ಟೂರ್ನಮೆಂಟಿನ ಒಂದೊಂದು ಸೀಟು ಸಮನಾಗಿ ಸಿಗುವ ಕಡೆ, ಇದು ತುತ್ತತುದಿಗೆ ಹೋಗುತ್ತದೆ. ಹತ್ತು ಸೀಟಿಗೆ ಹನ್ನೊಂದು ಜನ ಉಳಿದಿದ್ದು, ನಮ್ಮ ಬಳಿ ಸಾಕಷ್ಟು ಚಿಪ್ ಇದ್ದು, ನಮ್ಮಷ್ಟೇ ಇರುವವನೊಬ್ಬ ಆಲ್-ಇನ್ ಮಾಡಿದರೆ ಎಕ್ಕದ ಜೋಡಿಯನ್ನೂ ಬಿಡಬೇಕು. ಎರಡನೆಯ ಸೀಟು ಯಾರಿಗೂ ಬೇಡ. ಬಹುಮಾನದ ಹಂಚಿಕೆಯ ಜಾಗದಲ್ಲಿ ಎಲ್ಲ ಸ್ಥಾನಕ್ಕೂ ಒಂದೇ ಮೊತ್ತ ತುಂಬಿದರೆ ತಂತ್ರಾಂಶವೇ ಇದನ್ನು ತೋರಿಸುತ್ತದೆ. ಪುಸ್ತಕದಲ್ಲಿ ಓದಿ ನಂಬದವರಿಗೂ ಎಕ್ಕದ ಜೋಡಿಯ ಮನೆ ನಷ್ಟದ ಬಣ್ಣಕ್ಕೆ ತಿರುಗಿದ್ದನ್ನು ಕಂಡಾಗ ನಂಬಿಕೆ ಬರುತ್ತದೆ.

ಎದುರಾಳಿಯನ್ನು ಹೊರಹಾಕಿದ್ದಕ್ಕೇ ಹಣ ಸಿಗುವ ಬೌಂಟಿ ಟೂರ್ನಮೆಂಟುಗಳಲ್ಲಿ ಲೆಕ್ಕ ಎದುರು ದಿಕ್ಕಿಗೆ ವಾಲುತ್ತದೆ. ಪ್ರೊಗ್ರೆಸಿವ್ ನಾಕೌಟ್ ಎಂಬ ಬಗೆಯಲ್ಲಿ ಒಬ್ಬನನ್ನು ಹೊರಹಾಕಿದರೆ ಅವನ ತಲೆಯ ಮೇಲಿನ ಮೊತ್ತದಲ್ಲಿ ಸಾಮಾನ್ಯವಾಗಿ ಅರ್ಧ ಕೈಗೆ ಬರುತ್ತದೆ, ಉಳಿದರ್ಧ ಹೊರಹಾಕಿದವನ ತಲೆಗೆ ಸೇರುತ್ತದೆ. ಆದ್ದರಿಂದ ಕಾಲ್ ಸಡಿಲವಾಗಬೇಕು. ಎಷ್ಟು ಸಡಿಲ ಎಂಬುದು ಅಂದಾಜಿಗೆ ಸಿಗದ ಪ್ರಶ್ನೆಯಾದ್ದರಿಂದ, ಬೌಂಟಿಯ ಮೊತ್ತವನ್ನೂ ಸೇರಿಸಿ ಲೆಕ್ಕ ಹಾಕುವ ಸೌಲಭ್ಯ ಇಲ್ಲಿರುವುದು ದೊಡ್ಡ ಅನುಕೂಲ.

ಮಾದರಿಯ ಮಿತಿಗಳನ್ನು ಮರೆಯಬಾರದು. ಐಸಿಎಂಗೆ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಕಾಣುವುದಿಲ್ಲ, ಮುಂದಿನ ಕೈಗೇ ಬಿಗ್ ಬ್ಲೈಂಡ್ ಕಟ್ಟಬೇಕಾದವನನ್ನೂ ಈಗಷ್ಟೇ ಕಟ್ಟಿ ಮುಗಿಸಿದವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆಟಗಾರರ ಪರಿಣತಿಯೂ ಅದರ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ರಾಶಿ ಇದ್ದವನಿಗೆ ಮುಂದೆ ಎಲ್ಲರನ್ನೂ ಹಿಂಡುವ ಅವಕಾಶ ಇರುತ್ತದೆ, ಆ ಅವಕಾಶಕ್ಕೂ ಅದು ಬೆಲೆ ಕಟ್ಟುವುದಿಲ್ಲ. ಬ್ಲೈಂಡಿನ ಕೊರತೆಯನ್ನು ತುಂಬಲು ಐಸಿಎಮೈಜರ್‌ನಲ್ಲಿ ಎಫ್‌ಜಿಎಸ್ ಎಂಬ ಇನ್ನೊಂದು ಮಾದರಿ ಇದೆ. ಅದು ಮುಂದಿನ ಕೆಲವು ಕೈಗಳನ್ನೂ ಆಡಿಸಿ ನೋಡಿ, ಬರಲಿರುವ ಬ್ಲೈಂಡಿನ ಹೊರೆಯನ್ನು ಈಗಿನ ನಿರ್ಧಾರಕ್ಕೆ ಸೇರಿಸುತ್ತದೆ. ಹೆಚ್ಚು ಕೈ ಮುಂದೆ ನೋಡಿದಷ್ಟೂ ಲೆಕ್ಕಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಚಿಪ್ ಕಡಿಮೆ ಇದ್ದು ಬ್ಲೈಂಡ್ ಹತ್ತಿರ ಬಂದಿರುವ ಸಂದರ್ಭಗಳಲ್ಲಿ ಎರಡೂ ಮಾದರಿಗಳ ಉತ್ತರವನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಲೇಸು, ಉಳಿದೆಡೆ ಸಾದಾ ಐಸಿಎಂ ಸಾಕು.

ಎಸ್‌ಎನ್‌ಜಿ ಕೋಚ್ ಎಂಬ ತರಬೇತಿ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸನ್ನಿವೇಶವೊಂದನ್ನು ಕೊಟ್ಟು, ತಳ್ಳುವಿರೋ ಬಿಡುವಿರೋ ಎಂದು ಕೇಳಿ, ಉತ್ತರ ತಪ್ಪಾದರೆ ನಷ್ಟ ಎಷ್ಟೆಂದು ಹೇಳುತ್ತದೆ. ಬಸ್ಸಿಗೆ ಕಾಯುವಾಗ ಮಾಡಬಹುದಾದ ಒಳ್ಳೆಯ ಅಭ್ಯಾಸ, ಆದರೆ ಅಲ್ಲಿಯೂ ಉತ್ತರ ನ್ಯಾಶ್‌ನದೇ ಆಗಿರುವುದರಿಂದ ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ.

ಇದು ಆಟ ಮುಗಿದ ಮೇಲೆ ಬಳಸುವ ಸಲಕರಣೆ, ಆಡುತ್ತಿರುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದಕ್ಕಲ್ಲ. ಆಟದ ನಡುವೆ ಇಂಥ ಲೆಕ್ಕಗಳ ನೆರವು ಪಡೆಯುವುದನ್ನು ದೊಡ್ಡ ತಾಣಗಳು ನಿಷೇಧಿಸಿವೆ, ಸಿಕ್ಕಿಬಿದ್ದರೆ ಖಾತೆಯೇ ಹೋಗಬಹುದು. ಇನ್ನು ಭಾರತದಲ್ಲಿರುವ ಓದುಗರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಆನ್‌ಲೈನ್ ಆಟಗಳ ಮೇಲಿನ ನಿಷೇಧವನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಆದರೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ, ದೇಶದ ಪೋಕರ್ ತಾಣಗಳು ಹಣದ ಟೇಬಲ್‌ಗಳನ್ನು ಮುಚ್ಚಿದವು. ಹೀಗಾಗಿ ಇಲ್ಲಿರುವವರಿಗೆ ಈ ತಂತ್ರಾಂಶ ಉಪಯೋಗಕ್ಕೆ ಬರುವುದು ಉಚಿತ ಚಿಪ್ಪಿನ ಟೂರ್ನಮೆಂಟುಗಳ ಅಭ್ಯಾಸಕ್ಕೆ, ಅಥವಾ ಅನಿಶ್ಚಿತತೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಗಣಿತದಲ್ಲಿ ಆಸಕ್ತಿ ಇದ್ದರೆ ಅದಕ್ಕೆ. ಉಚಿತ ಚಿಪ್ಪಿನ ಆಟದಲ್ಲಿ ಕಾಲ್‌ಗಳು ನಾಲ್ಕರಲ್ಲಿ ಒಂದಲ್ಲ, ಎರಡರಲ್ಲಿ ಒಂದು ಎಂಬಷ್ಟು ಸಡಿಲವಾಗಿರುತ್ತವೆ, ರೇಂಜ್ ತಿದ್ದುವ ಅಭ್ಯಾಸಕ್ಕೆ ಅದೂ ಒಳ್ಳೆಯದೇ. ಹಣದ ಆಟ ಕಾನೂನುಬದ್ಧವಾಗಿರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಲೆಕ್ಕ ಬೇರೆ, ಅವರಿಗೆ ಚಂದಾ ಹಣ ಸಾರ್ಥಕವೇ ಎಂಬ ಪ್ರಶ್ನೆ ನೇರವಾಗಿ ಅನ್ವಯಿಸುತ್ತದೆ.

ಚಂದಾ ಡಾಲರಿನಲ್ಲಿದೆ, ನಮ್ಮ ಲೆಕ್ಕಕ್ಕೆ ಅಗ್ಗವಲ್ಲ. ಉಚಿತ ಖಾತೆಯಲ್ಲಿ ಸೀಮಿತ ಲೆಕ್ಕಗಳಿಗಷ್ಟೇ ಅವಕಾಶ. ಹೋಲ್ಡೆಮ್ ರಿಸೋರ್ಸಸ್ ತಾಣದಲ್ಲಿ ಬ್ರೌಸರಿನಲ್ಲೇ ತೆರೆಯುವ ಉಚಿತ ನ್ಯಾಶ್ ಕ್ಯಾಲ್ಕುಲೇಟರ್ ಒಂದಿದೆ. ಚಿಪ್, ಬ್ಲೈಂಡ್, ಬಹುಮಾನ ತುಂಬಿದರೆ ಪ್ರತಿ ಸ್ಥಾನದಿಂದ ತಳ್ಳುವ ಮತ್ತು ಕಾಲ್ ಮಾಡುವ ರೇಂಜನ್ನು ಅಕ್ಷರದಲ್ಲಿ ಕೊಡುತ್ತದೆ. ನೋಟಕ್ಕೆ ಒರಟು, ಆದರೆ ಲೆಕ್ಕ ಗಟ್ಟಿ. ಅದೇ ತಾಣದ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ತಳ್ಳು-ಬಿಡು ಹಂತವನ್ನು ದಾಟಿ ಪಣವನ್ನು ಸ್ವಲ್ಪವೇ ಏರಿಸುವ ಸಣ್ಣ ರೇಯ್ಸ್‌ಗಳನ್ನೂ ಬಿಡಿಸುತ್ತದೆ, ಜಿಟಿಒ ವಿಜಾರ್ಡ್ ಮೊದಲೇ ಬಿಡಿಸಿಟ್ಟ ಉತ್ತರಗಳ ದೊಡ್ಡ ಭಂಡಾರವನ್ನು ಕೊಡುತ್ತದೆ. ನಲವತ್ತು ಐವತ್ತು ಬಿಗ್ ಬ್ಲೈಂಡ್ ಕೈಯಲ್ಲಿದ್ದಾಗಿನ ಆಟ, ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ತೆರೆಯುವ ಮೊದಲ ಮೂರು ಎಲೆಗಳು) ನಂತರದ ನಿರ್ಧಾರಗಳು ಇವೆಲ್ಲ ಕಲಿಯಬೇಕಾದವರು ಅತ್ತ ಹೋಗಬೇಕು, ಐಸಿಎಮೈಜರ್ ಅದಕ್ಕೆ ತಕ್ಕದ್ದಲ್ಲ. ಫ್ಲಾಪಿಗೆ ಮೊದಲಿನ ನಿರ್ಧಾರವೇ ಅದರ ಕ್ಷೇತ್ರ.

ಪೋಕರ್‌ಗೆ ಹೊಸಬರಾದವರು ಹಣ ಕೊಡುವ ಮೊದಲು ಉಚಿತ ಕ್ಯಾಲ್ಕುಲೇಟರಿನಲ್ಲೇ ಸಮ ಚಿಪ್ಪಿನ ನಾಲ್ವರ ಮೇಜನ್ನೂ, 300 ಚಿಪ್ಪಿನವನಿರುವ ಮೇಜನ್ನೂ ತುಂಬಿ ನೋಡಲಿ. ಉತ್ತರ ಯಾಕೆ ಹಾಗೆ ಬಂತು ಎಂದು ಕಾಗದದ ಮೇಲೆ ಬಿಡಿಸುವ ಮನಸ್ಸಾದರೆ, ಮತ್ತು ಎದುರಿನವನು ಹೀಗೆ ಆಡುವುದಿಲ್ಲವಲ್ಲ ಎಂಬ ಅಸಮಾಧಾನ ಹುಟ್ಟಿದರೆ, ಆಗ ಐಸಿಎಮೈಜರ್‌ನ ಒಂದು ತಿಂಗಳ ಚಂದಾ ಕಟ್ಟಬಹುದು. ವರ್ಷದ ಚಂದಾಕ್ಕೆ ಅವಸರ ಬೇಡ. ಸಾಮಾನ್ಯವಾಗಿ ಎದುರಾಗುವ ಸನ್ನಿವೇಶಗಳು ಕೆಲವೇ ಮಾದರಿಗಳಿಗೆ ಸೇರಿದವು, ಶ್ರದ್ಧೆಯಿಂದ ಕೂತರೆ ಅವುಗಳ ಅಂದಾಜು ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ.